ಹಾವೇರಿ ಸೀಮೆಯ ಇಬ್ಬರು ಸಿದ್ದಮ್ಮಂದಿರು

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಸೀಮೆಯಲ್ಲಿ ಸಿದ್ದಮ್ಮ ಎಂಬ ಹೆಸರು ಓಣಿಗೊಬ್ಬರಿಗಾದರೂ ಇರುತ್ತದೆ. ಸ್ವಾತಂತ್ರ್ಯ ಚಳವಳಿಯ ಚರಿತ್ರೆಯಲ್ಲಿ ಈ ಸೀಮೆಯ ಇಬ್ಬರು ಸಿದ್ದಮ್ಮಂದಿರು ಕಾಣಸಿಗುತ್ತಾರೆ. ಒಬ್ಬರು ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಸಿದ್ದಮ್ಮ ಮೈಲಾರ, ಹುತಾತ್ಮ ಮೈಲಾರ ಮಹದೇವಪ್ಪನವರ ಪತ್ನಿ. ಇನ್ನೊಬ್ಬರು ಶಿಗ್ಗಾವಿ ತಾಲ್ಲೂಕಿನ ದುಂಡಶಿಯಲ್ಲಿ ಹುಟ್ಟಿ, ಮದುವೆಯಾಗಿ ದಾವಣಗೆರೆಗೆ ಹೋಗಿ, ಅಲ್ಲಿಯೇ ಬಾಳಿದ ಬಳ್ಳಾರಿ ಸಿದ್ದಮ್ಮ (1903–1982). ಇಲ್ಲಿ ಬಳ್ಳಾರಿ ಎಂಬುದು ಮನೆತನದ ಹೆಸರು, ಊರಿನದಲ್ಲ. ಇಬ್ಬರೂ ಜೈಲು ಕಂಡವರು, ಇಬ್ಬರೂ ಮನೆ ನಡೆಸಿದವರು. ಹೆಸರೂ ಜಿಲ್ಲೆಯೂ ಒಂದೇ ಆದ್ದರಿಂದ ಒಬ್ಬರ ಕತೆ ಇನ್ನೊಬ್ಬರಿಗೆ ಅಂಟಿಕೊಳ್ಳುವ ಸಂಭವವುಂಟು. ಬೇರೆಬೇರೆಯಾಗಿ ನೋಡಿದರೆ ಈ ಭಾಗದ ಹೆಣ್ಣುಮಕ್ಕಳು ಊರ ಕೆಲಸಕ್ಕೆ ಇಳಿದ ಎರಡು ದಾರಿಗಳು ಸ್ಪಷ್ಟವಾಗಿ ತೋರುತ್ತವೆ.

ಇಂದಿನ ನಕ್ಷೆ ಇಟ್ಟುಕೊಂಡು ಅಂದಿನ ಸಂಗತಿ ಓದಿದರೆ ದಿಕ್ಕು ತಪ್ಪುತ್ತದೆ. ಹಾವೇರಿ ಜಿಲ್ಲೆಯಾದದ್ದು 1997ರ ಆಗಸ್ಟ್ 24ರಂದು. ಅದಕ್ಕೆ ಮೊದಲು ಈ ತಾಲ್ಲೂಕುಗಳೆಲ್ಲ ಧಾರವಾಡ ಜಿಲ್ಲೆಯವು, ಬ್ರಿಟಿಷರ ಕಾಲದಲ್ಲಿ ಮುಂಬಯಿ ಪ್ರಾಂತದ ಆಡಳಿತಕ್ಕೆ ಸೇರಿದವು. ರಾಣೆಬೆನ್ನೂರು ದಾಟಿ ತುಂಗಭದ್ರೆಯ ಆಚೆ ದಡ ಮುಟ್ಟಿದರೆ ಹರಿಹರ, ಅದರಾಚೆ ದಾವಣಗೆರೆ. ಅದು ಮೈಸೂರು ಮಹಾರಾಜರ ರಾಜ್ಯ. ಈಚೆ ದಡದಲ್ಲಿ ಬ್ರಿಟಿಷರ ವಿರುದ್ಧ ನೇರ ಅಸಹಕಾರ ನಡೆದರೆ, ಆಚೆ ದಡದಲ್ಲಿ ಅರಮನೆ ಮತ್ತು ದಿವಾನರಿಂದ ಜವಾಬ್ದಾರಿ ಸರ್ಕಾರ ಕೇಳುವ ಹೋರಾಟ ನಡೆಯಿತು. ಒಂದೇ ಸೀಮೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರು ಹೊಳೆಯ ಈಚೆ ಉಳಿದರು, ಇನ್ನೊಬ್ಬರು ಹೊಳೆ ದಾಟಿ ಸೊಸೆಯಾದರು. ಅವರ ಬದುಕು ಎರಡು ಬಗೆಯಾಗಲು ಈ ಹೊಳೆಯೂ ಒಂದು ಕಾರಣ.

ಸಿದ್ದಮ್ಮ ಮೈಲಾರ

ಮೋಟೆಬೆನ್ನೂರು ಹಾವೇರಿ–ರಾಣೆಬೆನ್ನೂರು ಹೆದ್ದಾರಿಯ ಬದಿಯ ಊರು. ಇಲ್ಲಿ 1911ರ ಜೂನ್ 8ರಂದು ಹುಟ್ಟಿದ ಮಹದೇವಪ್ಪ, 1930ರ ದಂಡಿ ಯಾತ್ರೆಯಲ್ಲಿ ಗಾಂಧೀಜಿಯವರೊಂದಿಗೆ ನಡೆದ 78 ಸತ್ಯಾಗ್ರಹಿಗಳ ಪೈಕಿ ಕರ್ನಾಟಕದಿಂದ ಹೋದ ಏಕೈಕ ವ್ಯಕ್ತಿ. ಆಗ ಅವರಿಗೆ ಇನ್ನೂ ಹತ್ತೊಂಬತ್ತು ತುಂಬಿರಲಿಲ್ಲ. ಮಾರ್ಚ್ 12ರಂದು ಸಾಬರಮತಿಯಿಂದ ಹೊರಟ ಈ ತಂಡ ಸುಮಾರು 385 ಕಿಲೋಮೀಟರ್ ನಡೆದು ಸಮುದ್ರ ತೀರ ಮುಟ್ಟಿತು, ಏಪ್ರಿಲ್ 6ರಂದು ಉಪ್ಪಿನ ಕಾನೂನು ಮುರಿಯಿತು. ಆ 78 ಮಂದಿಯಲ್ಲಿ ಒಬ್ಬ ಹೆಣ್ಣುಮಗಳೂ ಇರಲಿಲ್ಲ. ಅದು ಮರೆವಿನಿಂದ ಆದದ್ದಲ್ಲ, ಗಾಂಧೀಜಿ ಯೋಚಿಸಿಯೇ ಹಾಗೆ ಮಾಡಿದ್ದರು. ಹೆಂಗಸರು ಮುಂದಿದ್ದರೆ ಸರ್ಕಾರ ಕೈ ಎತ್ತಲು ಹಿಂಜರಿದೀತು, ಹೆಂಗಸರ ಮರೆಯಲ್ಲಿ ಹೋರಾಡುವುದು ಹೇಡಿತನವಾದೀತು ಎಂಬುದು ಅವರ ವಾದ. ದೇಶದ ಅನೇಕ ಹೆಣ್ಣುಮಕ್ಕಳಿಗೆ ಈ ವಾದ ಒಪ್ಪಿಗೆಯಾಗಲಿಲ್ಲ. ಉಪ್ಪಿನ ಕಾನೂನು ಮುರಿದ ನಾಲ್ಕೇ ದಿನಕ್ಕೆ, ಏಪ್ರಿಲ್ 10ರ ‘ಯಂಗ್ ಇಂಡಿಯಾ’ದಲ್ಲಿ, ಗಾಂಧೀಜಿ ಮಹಿಳೆಯರಿಗೆ ಎರಡು ಕೆಲಸಗಳನ್ನು ಒಪ್ಪಿಸಿದರು: ಹೆಂಡದಂಗಡಿಗಳ ಮುಂದೆ ಧರಣಿ, ವಿದೇಶಿ ಬಟ್ಟೆ ಅಂಗಡಿಗಳ ಮುಂದೆ ಧರಣಿ.

ಸಿದ್ದಮ್ಮನವರು ಸಾಬರಮತಿ ಆಶ್ರಮದಲ್ಲಿ ವಾಸವಾಗಿದ್ದವರು. ಆ ಆಶ್ರಮವಾಸವೇ ಅವರ ಬದುಕಿನ ತಿರುವು. ಯಾತ್ರೆಯ ನಡಿಗೆಗೆ ಪಟ್ಟಿ ಇದೆ, ದಿನಚರಿ ಇದೆ, ಚಿತ್ರಗಳಿವೆ. ಆಶ್ರಮದೊಳಗೆ ಹೆಣ್ಣುಮಕ್ಕಳು ನಡೆದ ದೂರಕ್ಕೆ ಕಿಲೋಮೀಟರಿನ ಲೆಕ್ಕವಿಲ್ಲ. ನಸುಕಿನಲ್ಲೆದ್ದು ಪ್ರಾರ್ಥನೆ, ಆಮೇಲೆ ನೂಲು, ಎಲ್ಲ ಜಾತಿಯವರಿಗೂ ಒಂದೇ ಅಡುಗೆಮನೆ, ಒಂದೇ ಪಂಕ್ತಿ, ಸರದಿಯಂತೆ ಪಾಯಿಖಾನೆ ತೊಳೆಯುವ ಕೆಲಸ. ಮಡಿ-ಮೈಲಿಗೆ ಪಾಲಿಸುತ್ತಿದ್ದ, ಇನ್ನೊಬ್ಬರ ಮನೆಯ ನೀರಿಗೂ ಲೆಕ್ಕ ಹಾಕುತ್ತಿದ್ದ ಅಂದಿನ ಧಾರವಾಡ ಜಿಲ್ಲೆಯ ಹಳ್ಳಿಯ ಸೊಸೆಯೊಬ್ಬಳಿಗೆ ಈ ದಿನಚರಿ ಉಪ್ಪಿನ ಕಾನೂನು ಮುರಿಯುವುದಕ್ಕಿಂತ ಹಗುರವಾಗಿದ್ದಿರಲಾರದು. ಗಂಡಸರು ಸರ್ಕಾರದ ಕಾಯಿದೆ ಮುರಿದರೆ ಹೆಂಗಸರು ಅಡುಗೆಮನೆಯ ಕಾಯಿದೆ ಮುರಿಯುತ್ತಿದ್ದರು. ಸಿದ್ದಮ್ಮನವರು ಅಷ್ಟಕ್ಕೇ ನಿಲ್ಲದೆ ಮುಂದೆ ಸತ್ಯಾಗ್ರಹಕ್ಕಿಳಿದು ಸೆರೆಮನೆಗೂ ಹೋದರು.

ಊರ ಕಡೆ ಮರಳಿದ ಮೇಲೆ ಮಹದೇವಪ್ಪನವರ ಕೆಲಸ ಹಾವೇರಿ ತಾಲ್ಲೂಕಿನ ಕೊರಡೂರಿನ ಸೇವಾಶ್ರಮದ ಸುತ್ತ ಬೆಳೆಯಿತು. ಖಾದಿ, ಗ್ರಾಮ ಸ್ವಚ್ಛತೆ, ಅಸ್ಪೃಶ್ಯತೆ ನಿವಾರಣೆಯ ಕೆಲಸಗಳು ಇಂಥ ಆಶ್ರಮಗಳ ಉಸಿರು. ಆಶ್ರಮವೆಂದರೆ ಬಂದವರಿಗೆಲ್ಲ ರೊಟ್ಟಿ, ಮಲಗಿದವರಿಗೆಲ್ಲ ಕಂಬಳಿ. ಅದನ್ನು ಹೊಂದಿಸುವ ಕೈ ಯಾರದೆಂದು ಬಿಡಿಸಿ ಹೇಳಬೇಕಿಲ್ಲ. ಸ್ವಂತ ಮನೆಯ ತಾಯ್ತನಕ್ಕೂ ಊರಿನ ತಾಯ್ತನಕ್ಕೂ ನಡುವೆ ಇದ್ದ ಗೋಡೆಯನ್ನು ಸೇವಾಶ್ರಮದ ಒಲೆ ಕೆಡವಿತು ಎನ್ನಬೇಕು.

1942ರ ಆಗಸ್ಟ್‌ನಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ಶುರುವಾದ ಮೇಲೆ ಕೆಲಸದ ಸ್ವರೂಪ ಬದಲಾಯಿತು. ಮಹದೇವಪ್ಪನವರ ಗುಂಪು ಭೂಗತವಾಗಿ ಸರ್ಕಾರಿ ಆಡಳಿತವನ್ನು ಅಲ್ಲಲ್ಲಿ ಸ್ಥಗಿತಗೊಳಿಸುವ, ಕಂದಾಯದ ಹಣ ಸರ್ಕಾರದ ಕೈ ಸೇರದಂತೆ ಮಾಡುವ ಕಾರ್ಯಾಚರಣೆಗೆ ಇಳಿಯಿತು. ಭೂಗತರ ಚರಿತ್ರೆಯಲ್ಲಿ ಬಂದೂಕಿಗೆ ಸಿಗುವ ಜಾಗ ಬುತ್ತಿಗೆ ಸಿಗುವುದಿಲ್ಲ. ಹೊಲದ ಬದುವಿನಲ್ಲಿ, ಗುಡ್ಡದ ಮರೆಯಲ್ಲಿ ಅಡಗಿದ್ದವರಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದವರು, ಪೊಲೀಸರು ಬಂದು ಕೇಳಿದಾಗ ‘ನಮಗೇನು ಗೊತ್ತಿಲ್ರಿ’ ಎಂದು ಬಾಗಿಲಲ್ಲಿ ನಿಂತವರು ಹಳ್ಳಿಹಳ್ಳಿಯ ಹೆಣ್ಣುಮಕ್ಕಳು. ಆ ಮಾತಿನ ಹಿಂದೆ ಹೊಡೆತ, ಜಪ್ತಿ, ಸೆರೆ ಎಲ್ಲದರ ಭಯವೂ ಇತ್ತು.

1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಕಂದಾಯದ ಹಣದ ಮೇಲೆ ನಡೆದ ದಾಳಿಯಲ್ಲಿ ಪೊಲೀಸರ ಗುಂಡಿಗೆ ಮಹದೇವಪ್ಪ, ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ ಬಲಿಯಾದರು. ಮಹದೇವಪ್ಪನವರಿಗೆ ಮೂವತ್ತೊಂದು ವರ್ಷ. ಹಾವೇರಿಯಲ್ಲಿ ಅವರ ಸ್ಮಾರಕ ವೀರಸೌಧವಿದೆ, ಹಾವೇರಿ ರೈಲು ನಿಲ್ದಾಣಕ್ಕೆ ಅವರ ಹೆಸರಿದೆ, 2018ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ಹೊರಡಿಸಿತು. ಇವೆಲ್ಲ ಸಲ್ಲಬೇಕಾದ ಗೌರವಗಳೇ. ಸಿದ್ದಮ್ಮನವರಿಗೆ ಸಂದಿರುವುದು ಪತಿಯ ಚರಿತ್ರೆಯೊಳಗಿನ ಕೆಲವು ಸಾಲು. ‘ಪತಿಗೆ ಹೆಗಲೆಣೆಯಾಗಿ’ ಎಂಬ ಮಾತು ನಮ್ಮ ಚರಿತ್ರೆ ಬರೆಯುವವರಿಗೆ ಅಂಟಿಕೊಂಡ ರೋಗ. ಮಹಾತ್ಮನ ಆಶ್ರಮದಲ್ಲಿದ್ದು ಬಂದ, ತಾನೇ ಜೈಲಿಗೆ ಹೋದ ಹೆಣ್ಣಿಗೆ ಸ್ವಂತ ಹೆಗಲು ಇತ್ತೆಂದು ಒಪ್ಪಿಕೊಂಡರೆ ಹುತಾತ್ಮನ ಕೀರ್ತಿಗೆ ಏನೂ ಕಡಿಮೆಯಾಗುವುದಿಲ್ಲ.

ಬಳ್ಳಾರಿ ಸಿದ್ದಮ್ಮ

ದುಂಡಶಿಯ ವ್ಯಾಪಾರಿ ಮನೆತನದಲ್ಲಿ ಹುಟ್ಟಿದ ಈ ಸಿದ್ದಮ್ಮನವರು ದಾವಣಗೆರೆಯ ಬಳ್ಳಾರಿ ಮುರುಗಪ್ಪನವರ ಕೈಹಿಡಿದರು. ಮುರುಗಪ್ಪನವರೂ ಚಳವಳಿಗಾರರೇ. ಹಳೆಯ ಚಿತ್ರದುರ್ಗ ಜಿಲ್ಲೆಯ ದಾವಣಗೆರೆ ಆ ಕಾಲಕ್ಕೆ ಹತ್ತಿ ಮಂಡಿಗಳಿಂದ ಕಾಟನ್ ಮಿಲ್ಲುಗಳ ಊರಾಗಿ ಬೆಳೆಯುತ್ತಿತ್ತು. ವ್ಯಾಪಾರಸ್ಥರ ಮನೆಯ ಹೆಂಗಸು ಸಭೆಯಲ್ಲಿ ನಿಂತು ಮಾತಾಡುವುದು ಅಂದಿಗೆ ಊರು ತಿರುಗಿ ನೋಡುವ ಸಂಗತಿ.

1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ಸಿನ ಮೊದಲ ಅಧಿವೇಶನ ಮದ್ದೂರಿನ ಬಳಿಯ ಶಿವಪುರದಲ್ಲಿ ಸೇರಿತು. ರಾಜ್ಯದಲ್ಲಿ ತ್ರಿವರ್ಣ ಧ್ವಜ ಹಾರಿಸಕೂಡದೆಂದು ಸರ್ಕಾರ ನಿಷೇಧ ಹೇರಿತ್ತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಧ್ವಜ ಸತ್ಯಾಗ್ರಹ ನಡೆಯಿತು, ಬಂಧನಗಳಾದವು. ಬಳ್ಳಾರಿ ಸಿದ್ದಮ್ಮ ದಾವಣಗೆರೆಯಿಂದ ನೂರಾರು ಕಿಲೋಮೀಟರ್ ದೂರ ಬಂದು ಈ ಸತ್ಯಾಗ್ರಹದಲ್ಲಿ ಪಾಲ್ಗೊಂಡು ಜೈಲಿಗೆ ಹೋದರು. ಮೈಸೂರು ಸಂಸ್ಥಾನದಲ್ಲಿ ರಾಜಕೀಯ ಕಾರಣಕ್ಕೆ ಬಂಧನಕ್ಕೊಳಗಾದ ಮೊದಲ ಮಹಿಳೆಯರಲ್ಲಿ ಅವರೊಬ್ಬರು. ಅದೇ ತಿಂಗಳ 25ರಂದು ವಿದುರಾಶ್ವತ್ಥದಲ್ಲಿ ಧ್ವಜದ ಕಾರಣಕ್ಕೇ ಗೋಲೀಬಾರ್ ಆಯಿತು ಎಂಬುದನ್ನು ನೆನೆದರೆ ಶಿವಪುರಕ್ಕೆ ಹೋದವರು ಜೀವ ಒತ್ತೆಯಿಟ್ಟು ಹೋಗಿದ್ದರೆಂಬುದು ತಿಳಿಯುತ್ತದೆ.

1939ರ ಅರಣ್ಯ ಸತ್ಯಾಗ್ರಹದಲ್ಲೂ ಅವರಿದ್ದರು. ಚಿತ್ರದುರ್ಗ ಜಿಲ್ಲೆಯಲ್ಲಿ ಈ ಸತ್ಯಾಗ್ರಹವೆಂದರೆ ಮುಖ್ಯವಾಗಿ ಈಚಲು ಮರ ಕಡಿಯುವುದು. ಎಸ್. ನಿಜಲಿಂಗಪ್ಪನವರು ಮುಂದಾಳಾಗಿದ್ದ ತುರುವನೂರಿನ ಪ್ರಕರಣ ಎಲ್ಲಕ್ಕಿಂತ ಪ್ರಸಿದ್ಧ. ಈಚಲಿನಿಂದ ಹೆಂಡ, ಹೆಂಡದಿಂದ ಸರ್ಕಾರಕ್ಕೆ ವರಮಾನ. ಹಾಗಾಗಿ ಮರಕ್ಕೆ ಬಿದ್ದ ಕೊಡಲಿ ಖಜಾನೆಗೆ ಬಿದ್ದಂತೆ. ಗಂಡಸರಿಗೆ ಇದು ಕಾಯಿದೆ ಭಂಗ. ಹೆಂಗಸರಿಗೆ ಅದರ ಜೊತೆಗೆ ಮನೆಯ ಸಂಗತಿಯೂ ಆಗಿತ್ತು, ಏಕೆಂದರೆ ಕೂಲಿಯ ದುಡ್ಡು ಹೆಂಡದಂಗಡಿಗೆ ಹೋದರೆ ಒಲೆ ಉರಿಯುವುದಿಲ್ಲ. 1942ರ ಚಳವಳಿಯಲ್ಲೂ ಸಿದ್ದಮ್ಮ ಭಾಗಿಯಾದರು.

ಸ್ವಾತಂತ್ರ್ಯ ಬಂದ ಮೇಲೆ ಅನೇಕ ಹೋರಾಟಗಾರ್ತಿಯರು ಮನೆಗೆ ಮರಳಿದರು, ಅಥವಾ ಅವರನ್ನು ಮರಳಿಸಲಾಯಿತು. ಬಳ್ಳಾರಿ ಸಿದ್ದಮ್ಮ ಮರಳಲಿಲ್ಲ. 1950ರ ದಶಕದಲ್ಲಿ ದಾವಣಗೆರೆಯಿಂದ ಶಾಸಕಿಯಾಗಿ ಆಯ್ಕೆಯಾದರು. ಹೆಂಗಸರ ಮತ್ತು ಮಕ್ಕಳ ಏಳಿಗೆಗಾಗಿ ದಾವಣಗೆರೆಯಲ್ಲಿ ಮಾತೃಮಂದಿರ ಸ್ಥಾಪಿಸಿದರು. ಮಹಿಳಾ ಸಮಾಜ, ಭಗಿನಿ ಮಂಡಲ, ಮಾತೃಮಂದಿರ ಎಂಬ ಹೆಸರುಗಳನ್ನು ಕೇಳಿದ ಇಂದಿನ ತರುಣಿಯರಿಗೆ ನಗು ಬಂದರೂ ಬರಬಹುದು. ತಾಯಿ, ತಂಗಿ ಎಂಬ ನಂಟಿನ ಹೆಸರಿಲ್ಲದೆ ಹೆಣ್ಣಿಗೆ ಹೊಸ್ತಿಲು ದಾಟಲು ಒಪ್ಪಿಗೆ ಸಿಗದ ಕಾಲವದು. ಶಾಲೆ ಕಲಿಸುವ ಹೆಣ್ಣುಮಗಳನ್ನು ಇವತ್ತಿಗೂ ಹಾವೇರಿ ಕಡೆ ‘ಅಕ್ಕೋರು’ ಎನ್ನುವುದು ಇದೇ ಜಾಡಿನ ಮಾತು. ಆ ಹೆಸರಿನಡಿ ವಿಧವೆಯರು, ಮನೆ ಬಿಟ್ಟುಬಂದವರು, ಓದು ನಿಂತವರು ಒಂದೆಡೆ ಕೂಡಿ ಹೊಲಿಗೆ, ಓದು-ಬರಹ ಕಲಿಯುವುದಕ್ಕೆ ಎಡೆಯಾಯಿತು.

ಸುತ್ತಲಿನವರು

ಇಬ್ಬರು ಸಿದ್ದಮ್ಮಂದಿರು ಒಂಟಿ ಮರಗಳಲ್ಲ. 1931–32ರಲ್ಲಿ ಅಂಕೋಲೆ, ಸಿದ್ದಾಪುರಗಳ ಜೊತೆ ಹಿರೇಕೆರೂರು ತಾಲ್ಲೂಕಿನಲ್ಲೂ ಕರನಿರಾಕರಣೆ ನಡೆಯಿತು. ಕರ ಕೊಡದವರ ಹೊಲ, ಮನೆ, ಪಾತ್ರೆ-ಪಡಗ ಜಪ್ತಿಯಾಗುತ್ತಿದ್ದವು. ಸಿದ್ದಾಪುರ ತಾಲ್ಲೂಕಿನ ಮಾವಿನಗುಂಡಿಯಲ್ಲಿ ಹೆಂಗಸರು ಜಪ್ತಿ ಆಸ್ತಿ ಕೊಂಡವರ ಮನೆಯೆದುರು ಉಪವಾಸ ಕುಳಿತರು. ಸರ್ಕಾರದೆದುರು ಕೂರುವುದಕ್ಕಿಂತ ಪರಿಚಯದ ನೆರೆಯವನ ಅಂಗಳದಲ್ಲಿ ಹಸಿದು ಕೂರುವುದು ಕಠಿಣ. ಕೊಂಡವನಿಗೂ ಅದು ಸಹಿಸಲಾಗದ ಶಿಕ್ಷೆ.

ಹುಬ್ಬಳ್ಳಿಯಲ್ಲಿ ಉಮಾಬಾಯಿ ಕುಂದಾಪುರ (1892–1992) ಇದ್ದರು. ಬಾಲ್ಯದಲ್ಲೇ ಮದುವೆಯಾದ ಅವರನ್ನು ಓದಿಸಿದವರು ಮಾವ ಆನಂದರಾಯರು. 1923ರಲ್ಲಿ ಗಂಡ ತೀರಿಕೊಂಡ ಮೇಲೆ ಮಾವನೊಂದಿಗೆ ಹುಬ್ಬಳ್ಳಿಗೆ ಬಂದು ತಿಲಕ ಕನ್ಯಾಶಾಲೆ ನಡೆಸಿದರು, ಭಗಿನಿ ಮಂಡಲ ಕಟ್ಟಿದರು. ಡಾ. ನಾ. ಸು. ಹರ್ಡೀಕರರ ಹಿಂದೂಸ್ತಾನಿ ಸೇವಾದಳದ ಮಹಿಳಾ ವಿಭಾಗ ಅವರ ಕೈಯಲ್ಲಿತ್ತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನಕ್ಕೆ ಮನೆಮನೆ ತಿರುಗಿ ನೂರೈವತ್ತಕ್ಕೂ ಹೆಚ್ಚು ಸ್ವಯಂಸೇವಕಿಯರನ್ನು ಹೊರಡಿಸಿದ ಕೆಲಸ ಸಣ್ಣದಲ್ಲ. 1932ರಲ್ಲಿ ಅವರು ಯರವಡಾ ಜೈಲಿನಲ್ಲಿದ್ದಾಗ, ತನ್ನನ್ನು ಮಗಳಂತೆ ಬೆಳೆಸಿದ ಮಾವ ತೀರಿಕೊಂಡರು. 1946ರಲ್ಲಿ ಗಾಂಧೀಜಿ ಅವರನ್ನು ಕಸ್ತೂರಬಾ ಟ್ರಸ್ಟಿನ ಕರ್ನಾಟಕ ಶಾಖೆಗೆ ಪ್ರತಿನಿಧಿಯಾಗಿ ನೇಮಿಸಿದರು. ಹಳ್ಳಿಗಳಿಗೆ ಗ್ರಾಮಸೇವಿಕೆಯರನ್ನು ಸಿದ್ಧಪಡಿಸುವ ಕೆಲಸ ಆಗ ಶುರುವಾಯಿತು. ಸ್ವಾತಂತ್ರ್ಯ ಹೋರಾಟಗಾರರ ತಾಮ್ರಪತ್ರ, ಪಿಂಚಣಿ ಎರಡನ್ನೂ ಅವರು ಬೇಡವೆಂದರು. ಅದೇ ಹುಬ್ಬಳ್ಳಿಯಲ್ಲಿ ನಾಗಮ್ಮ ಪಾಟೀಲರು ಪತಿ ಸರದಾರ ವೀರನಗೌಡ ಪಾಟೀಲರೊಂದಿಗೆ ಹರಿಜನ ಬಾಲಿಕಾಶ್ರಮ, ಮುಂದೆ ಮಹಿಳಾ ವಿದ್ಯಾಪೀಠ ನಡೆಸಿದರು. ಬಾಲಿಕಾಶ್ರಮದ ಹುಡುಗಿಯರಿಗೆ ತಾಯಿಯಾಗುವುದು ಎಂದರೆ ಜಾತಿ ಬಾಂಧವರ ಪಂಕ್ತಿಯಿಂದ ಹೊರಗುಳಿಯಲು ಸಿದ್ಧವಾಗುವುದು ಎಂದೇ ಆ ಕಾಲದಲ್ಲಿ ಅರ್ಥ.

ಈ ತಲೆಮಾರು ಮುಟ್ಟದೆ ಬಿಟ್ಟದ್ದೂ ಇದೆ. ಹೆಂಡ, ಖಾದಿ, ಓದು, ಅಸ್ಪೃಶ್ಯತೆ ಇವುಗಳ ಬಗ್ಗೆ ಆಡಿದಷ್ಟು ಗಟ್ಟಿಯಾಗಿ ಹೊಲದ ಪಹಣಿಯಲ್ಲಿ ಹೆಣ್ಣಿನ ಹೆಸರಿಲ್ಲದ ಬಗ್ಗೆ ವೇದಿಕೆಗಳು ಆಡಲಿಲ್ಲ. ಈ ವಿಷಯದಲ್ಲೂ ತುಂಗಭದ್ರೆ ಗಡಿಯಾಗಿತ್ತು. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆ ತಂದು ವಿಧವೆ, ತಾಯಿ, ಮದುವೆಯಾಗದ ಹೆಣ್ಣುಮಕ್ಕಳಿಗೆ ಪಾಲಿನ ಹಕ್ಕು ಕೊಟ್ಟಿತ್ತು. ಬ್ರಿಟಿಷ್ ಭಾರತದಲ್ಲಿ 1937ರ ಕಾಯಿದೆ ವಿಧವೆಗೆ ಕೊಟ್ಟದ್ದು ಬದುಕಿರುವವರೆಗಿನ ಸೀಮಿತ ಹಕ್ಕು ಮಾತ್ರ. ಅಂದರೆ ದಾವಣಗೆರೆಯ ಸಿದ್ದಮ್ಮನವರು ಬಾಳಿದ ನೆಲದ ಕಾಯಿದೆ, 1943ರಲ್ಲಿ ಮೋಟೆಬೆನ್ನೂರಿನ ಸಿದ್ದಮ್ಮನವರು ವಿಧವೆಯಾದ ನೆಲದ ಕಾಯಿದೆಗಿಂತ ಹೆಣ್ಣಿನ ಪಾಲಿಗೆ ಉದಾರವಾಗಿತ್ತು. ವಿಧವೆಗೆ ಪೂರ್ಣ ಒಡೆತನ ಬಂದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಿಂದ. ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಡುವ ಕರ್ನಾಟಕದ ತಿದ್ದುಪಡಿ 1994ರಲ್ಲಿ ಜಾರಿಯಾಯಿತು, ದೇಶಕ್ಕೆ ಅನ್ವಯಿಸುವ ತಿದ್ದುಪಡಿ 2005ರಲ್ಲಿ. ಕಾಯಿದೆ ಬಂದರೂ ಅಣ್ಣತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ‘ತವರು ಮನಿ ಬಾಗಲಾ ತೆರದಿದ್ರ ಸಾಕು’ ಎನ್ನುವ ಹೆಣ್ಣುಮಕ್ಕಳು ಈಗಲೂ ಕಡಿಮೆಯಿಲ್ಲ.

ಇಂದಿನ ಸೀಮೆ

ಬ್ಯಾಡಗಿ ಇಂದು ಹೆಸರಾಗಿರುವುದು ಮೆಣಸಿನಕಾಯಿಗೆ. ಸುಕ್ಕುಗಟ್ಟಿದ, ಕಡುಕೆಂಪಿನ, ಖಾರ ಕಡಿಮೆ ಬಣ್ಣ ಹೆಚ್ಚಿನ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಿಕೆ ದೊರೆಯಿತು. ಡಬ್ಬಿ, ಕಡ್ಡಿ ಎಂಬ ಎರಡು ಬಗೆ. ಅದರ ಬಣ್ಣದ ಸತ್ವ ಅಡುಗೆಗಷ್ಟೇ ಅಲ್ಲ, ತುಟಿರಂಗಿನಂಥ ಪ್ರಸಾಧನಗಳಿಗೂ ಹೋಗುತ್ತದೆ. ಕಾಯಿ ಮಾರುಕಟ್ಟೆಯಿಂದ ಕಾರ್ಖಾನೆಗೆ ಹೋಗುವ ಮೊದಲು ತೊಟ್ಟು ತೆಗೆಯಬೇಕು. ಇಲ್ಲಿನವರು ಅದಕ್ಕೆ ತುಂಬು ಬಿಡಿಸುವುದು ಎನ್ನುತ್ತಾರೆ. ಈ ಕೆಲಸ ಹೆಚ್ಚುಕಡಿಮೆ ಪೂರ್ತಿ ಹೆಣ್ಣುಮಕ್ಕಳದು. ಸೆರಗು ಮೂಗಿಗೆ ಕಟ್ಟಿಕೊಂಡು ರಾಶಿಯ ಮುಂದೆ ದಿನವಿಡೀ ಕೂರುವುದು, ತೂಕದ ಮೇಲೆ ಕೂಲಿ. ಘಾಟಿಗೆ ಕೆಮ್ಮು, ಕೈಬೆರಳಿಗೆ ಉರಿ. ಆ ಉರಿಗೈಯಲ್ಲೇ ಮನೆಗೆ ಬಂದು ಕೂಸನ್ನು ಎತ್ತಿಕೊಳ್ಳಲು ಹೆದರುವ ತಾಯಂದಿರ ಕಷ್ಟ ಯಾವ ಮಾರುಕಟ್ಟೆ ವರದಿಯಲ್ಲೂ ಬರುವುದಿಲ್ಲ. ರಾಣೆಬೆನ್ನೂರು ಕಡೆ ಬೀಜೋತ್ಪಾದನೆಯ ಹೊಲಗಳಲ್ಲಿ ಹೂವಿನ ಕೇಸರ ತೆಗೆದು ಪರಾಗ ಮುಟ್ಟಿಸುವ ನಾಜೂಕಿನ ಕೆಲಸವೂ ಹೆಂಗಸರದೇ. ದೇಶದ ಹಲವು ಕಡೆ ಬೆಳೆಯುವ ಹೈಬ್ರಿಡ್ ತರಕಾರಿಯ ಮೊದಲ ಬೀಜ ಅವರ ಬೆರಳ ತುದಿಯಲ್ಲಿ ಕಟ್ಟುತ್ತದೆ.

ಇಂಥವರ ಪರ ಮಾತಾಡುವ ಕೆಲಸ ಈಗ ಆಶ್ರಮಗಳಿಂದ ಬೇರೆ ಕೈಗಳಿಗೆ ಬಂದಿದೆ. 1987ರ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯ್ತಿ ಚುನಾವಣೆಗಳಲ್ಲಿ ಕರ್ನಾಟಕ ಮಹಿಳೆಯರಿಗೆ ಶೇಕಡಾ 25 ಸ್ಥಾನ ಮೀಸಲಿಟ್ಟಿತು. ಸಂವಿಧಾನದ 73ನೆಯ ತಿದ್ದುಪಡಿಗೂ ಮೊದಲಿನ ಮಾತಿದು. ಈಗ ಆ ಪ್ರಮಾಣ ಶೇಕಡಾ 50. 2000–01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳು ವಾರದ ಉಳಿತಾಯದ ನೆಪದಲ್ಲಿ ಹೆಂಗಸರನ್ನು ಗುಡಿಯ ಕಟ್ಟೆಯ ಮೇಲೆ ಕೂರಿಸಿದವು. ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರು ಹಿಂದಿನ ಗ್ರಾಮಸೇವಿಕೆಯರ ವಾರಸುದಾರರು, ಗೌರವಧನದ ತಕರಾರು ಮಾತ್ರ ಹೊಸದು. ಹೆಂಡದ ವಿರುದ್ಧ ಕೂಗು 1930ರಿಂದ ನಿಂತೇ ಇಲ್ಲ. 2007ರ ಜುಲೈ 1ರಂದು ರಾಜ್ಯದಲ್ಲಿ ಸಾರಾಯಿ ಬಂದಾಯಿತು, ಆದರೆ ಪ್ಯಾಕೆಟ್ ಹೋದ ಜಾಗಕ್ಕೆ ಬಾಟಲಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧಕ್ಕಾಗಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ದಂಡಿ ಯಾತ್ರೆಯ ಪಟ್ಟಿಯಲ್ಲಿ ಜಾಗ ಸಿಗದವರ ಮೊಮ್ಮಕ್ಕಳ ಕಾಲದ ನಡಿಗೆ ಅದು.

ಶಿವಪುರದಲ್ಲಿ ನಿಷೇಧಕ್ಕೊಳಗಾಗಿದ್ದ ಧ್ವಜ ಇಂದು ಹುಬ್ಬಳ್ಳಿಯ ಬೆಂಗೇರಿಯಲ್ಲಿ ತಯಾರಾಗುತ್ತದೆ. 1957ರಲ್ಲಿ ಹುಟ್ಟಿದ ಅಲ್ಲಿನ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ನೂಲುವವರು, ಹೊಲಿಯುವವರು, ಅಶೋಕ ಚಕ್ರ ಹೊಂದಿಸುವವರು ಬಹುಪಾಲು ಹೆಣ್ಣುಮಕ್ಕಳು.

ಸಿದ್ದಮ್ಮ ಮೈಲಾರರಂಥವರ ಚರಿತ್ರೆಯನ್ನು ಪೂರ್ತಿ ಮಾಡಬೇಕಾದ ಸಾಮಗ್ರಿ ಇನ್ನೂ ಈ ಸೀಮೆಯ ಮನೆಗಳಲ್ಲೇ ಇದೆ: ಟ್ರಂಕಿನ ತಳದ ಜೈಲು ಚೀಟಿ, ಆಶ್ರಮದಿಂದ ಬಂದ ಕಾಗದ, ಅಜ್ಜಿ ಚರಕದ ಮುಂದೆ ಕೂತ ಒಂದು ಫೋಟೋ. ಮೋಟೆಬೆನ್ನೂರು, ಕೊರಡೂರು, ಹೊಸರಿತ್ತಿ, ದುಂಡಶಿಯ ಮನೆಗಳವರು ಅಂಥ ಕಾಗದಗಳನ್ನು ರದ್ದಿಗೆ ಹಾಕುವ ಮೊದಲು ಧಾರವಾಡದಲ್ಲಿರುವ ರಾಜ್ಯ ಪತ್ರಾಗಾರದ ಕಚೇರಿಗೆ ಒಮ್ಮೆ ತೋರಿಸಬೇಕು. ಫೋಟೋದ ಹಿಂದೆ ಅಜ್ಜಿಯ ಹೆಸರನ್ನು ಪೆನ್ಸಿಲ್ಲಿನಲ್ಲಾದರೂ ಬರೆದಿಡಬೇಕು. ಗಂಡನ ಹೆಸರಿನ ಜೊತೆಗಲ್ಲ, ಅವರದೇ ಹೆಸರನ್ನು.